ಹಂದಿಯ ಪರವಾಗಿ ನಾಲ್ಕು ಮಾತು

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಉಪನ್ಯಾಸ ಮಾಲೆಗೆ ಇದುವರೆಗೆ ವಚನಕಾರರು ಬಂದಿದ್ದಾರೆ, ದಾಸರು ಬಂದಿದ್ದಾರೆ, ಗಡಿ ವಿವಾದ, ನದಿ ನೀರಿನ ವಿವಾದಗಳೂ ಬಂದುಹೋಗಿವೆ. ಹಂದಿ ಬಂದದ್ದು ಇದೇ ಮೊದಲು. ಆಹ್ವಾನ ಪತ್ರಿಕೆಯಲ್ಲಿ ಇಂದಿನ ವಿಷಯವನ್ನು 'ಕರ್ನಾಟಕದ ಆಹಾರ ಸಂಸ್ಕೃತಿಯ ಒಂದು ಮುಖ' ಎಂದು ಮುದ್ರಿಸಿದ ಕಾರ್ಯದರ್ಶಿಗಳ ಜಾಣ್ಮೆಯನ್ನು ಮೆಚ್ಚಲೇಬೇಕು. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಸವೆದ ನನಗೂ ಇಂಥದೊಂದು ವಾಕ್ಯ ಹೊಳೆಯುತ್ತಿರಲಿಲ್ಲ. ಆ ಮುಖಕ್ಕೆ ಒಂದು ಮೂತಿಯೂ ಉಂಟು ಎಂಬುದನ್ನಷ್ಟೇ ಅವರು ಮುಚ್ಚಿಟ್ಟಿದ್ದಾರೆ.

ಹಂದಿಯ ಹೆಸರೆತ್ತಿದರೆ ಮೂಗು ಮುರಿಯುವವರಿಗೆ ಮೊದಲು ನಮ್ಮ ಇತಿಹಾಸವನ್ನು ನೆನಪಿಸಬಯಸುತ್ತೇನೆ. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ಮಂಗಳೇಶನು ಕ್ರಿ.ಶ. 578ರಲ್ಲಿ ಪೂರ್ಣಗೊಳಿಸಿದ ಅಲ್ಲಿನ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ಆದಿವರಾಹನನ್ನು ನಾವೆಲ್ಲ ಪ್ರವಾಸದಲ್ಲಿ ನೋಡಿ ಕೈಮುಗಿದವರೇ. ವಿಜಯನಗರದ ಅರಸರೂ ಅದೇ ವರಾಹವನ್ನು ತಮ್ಮ ಮುದ್ರೆಯಲ್ಲಿಟ್ಟರು. ಅವರ ಚಿನ್ನದ ನಾಣ್ಯದ ಹೆಸರೇ ವರಹ. ನಮ್ಮ ಹಿರಿಯರು ಹಂದಿಯನ್ನು ಅಂಗಳದಿಂದ ಓಡಿಸಿದರೂ ಹಣದ ಪೆಟ್ಟಿಗೆಯಿಂದ ಓಡಿಸಲಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲೊಂದುಂಟು. ಕಾಲ ಸುಮಾರು ಕ್ರಿ.ಶ. 949-50. ಗಂಗರ ಬೂತುಗನ ಸೇವಕನಾದ ಮಣಲೇರನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿ, ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ, 'ಕಾಳಿ' ಎಂಬ ಬೇಟೆನಾಯಿಯನ್ನು ಬಹುಮಾನವಾಗಿ ಬೇಡಿದನಂತೆ. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಿತು. ಎರಡೂ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ದತ್ತಿಯಾಯಿತು. ಹಂದಿಗೆ ದತ್ತಿ ಇಲ್ಲದಿದ್ದರೂ ಕಲ್ಲಿನ ಮೇಲೆ ಸರಿಸಮಾನವಾದ ಜಾಗ ಸಿಕ್ಕಿದೆ. ಸೋತು ಓಡದೆ ಸತ್ತ ಪ್ರಾಣಿಗೆ ನಮ್ಮ ಶಿಲ್ಪಿ ತೋರಿದ ಮರ್ಯಾದೆ ಅದು.

ಅಲ್ಲಿಯ ಹಳಗನ್ನಡದಲ್ಲಿ ಈ ಪ್ರಾಣಿಯ ಹೆಸರು 'ಪಂದಿ'. ಪಾಲು ಹಾಲಾಗಿ, ಪೂವು ಹೂವಾದಂತೆ ಪಂದಿಯೂ ನಮ್ಮ ಬಾಯಲ್ಲಿ ಹಂದಿಯಾಯಿತು. ಕೊಡವರು ಇಂದಿಗೂ ಪಂದಿ ಎಂದೇ ಅನ್ನುತ್ತಾರೆ, ತೆಲುಗರದೂ ಪಂದಿಯೇ. ತುಳುವರ ಪಂಜಿಯಂತೂ ದೈವವೇ ಆಗಿ, ಪಂಜುರ್ಲಿಯೆಂಬ ಹೆಸರಿನಲ್ಲಿ ಕೋಲ ಪಡೆಯುತ್ತದೆ. 2022ರಲ್ಲಿ 'ಕಾಂತಾರ' ಚಲನಚಿತ್ರ ಬಂದ ಮೇಲೆ ಈ ಊರಿನ ನನ್ನ ಪಂಜಾಬಿ ಸಹೋದ್ಯೋಗಿಗಳೂ ಪಂಜುರ್ಲಿಯ ವಿಷಯ ಕೇಳತೊಡಗಿದರು. ಕಾಡುಹಂದಿ ಬೆಳೆ ತಿನ್ನುತ್ತದೆ. ಆದ್ದರಿಂದ ಅದರ ದೈವವನ್ನೇ ಬೆಳೆಯ ಕಾವಲಿಗೆ ನಿಲ್ಲಿಸುವುದು! ನಮ್ಮ ಇಲಾಖೆಗಳಲ್ಲಿ ಯಾರಿಗೂ ಇಷ್ಟು ಸುಲಭದ ಉಪಾಯ ತೋಚಿಲ್ಲ.

ಇನ್ನು ಅಡುಗೆಮನೆಗೆ ಬರೋಣ. ನಾನು ಮಲೆನಾಡಿನವನು. ಅಕ್ಕಿ ಕಡುಬು ಮತ್ತು ಹಂದಿಯ ಸಾರು ನಮ್ಮ ಕಡೆಯ ಅನೇಕ ಒಕ್ಕಲು ಮನೆಗಳಲ್ಲಿ ನೆಂಟರಿಗೆ ಮಾಡುವ ಅಡುಗೆ. ಕುವೆಂಪು ಅವರ ಎರಡು ಮಹಾಕಾದಂಬರಿಗಳನ್ನು ಓದಿದವರಿಗೆ ಮಲೆನಾಡಿನ ಬೇಟೆಯನ್ನೂ ಕಡುಬಿನ ಊಟವನ್ನೂ ನಾನು ವಿವರಿಸಬೇಕಾಗಿಲ್ಲ. ಆದರೆ ಪಾಕದ ಪರಾಕಾಷ್ಠೆ ಯಾವುದೆಂದು ಕೇಳಿದರೆ, ತವರಿನ ಅಭಿಮಾನವನ್ನು ಬದಿಗಿಟ್ಟು, ಕೊಡಗಿನ ಕಡೆಗೇ ಬೆರಳು ತೋರುತ್ತೇನೆ.

ಪಂದಿ ಕರಿಯ ಕಪ್ಪು ಬಣ್ಣ ಎರಡು ಕಡೆಯಿಂದ ಬರುತ್ತದೆ. ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆಗಳನ್ನು ಇನ್ನೇನು ಸೀಯಿತು ಎಂಬ ಹಂತದವರೆಗೆ ಹುರಿಯುವುದು ಒಂದು. ಧೈರ್ಯ ಸಾಲದವರು ಇಲ್ಲಿಯೇ ಸೋಲುತ್ತಾರೆ. ಇನ್ನೊಂದು, ಕಾಚಂಪುಳಿ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಪಣಪುಳಿಯ ಮಾಗಿದ ಹಣ್ಣಿನಿಂದ ಇಳಿದ ರಸವನ್ನು ಗಂಟೆಗಟ್ಟಲೆ ಕಾಯಿಸಿ, ಕಾಕಂಬಿಯಂತೆ ಗಟ್ಟಿಯಾಗುವವರೆಗೆ ಇಂಗಿಸಿದ ಹುಳಿ ಅದು. ಮಾಂಸವು ಕೊಬ್ಬಿನೊಡನೆ ತನ್ನ ನೀರಿನಲ್ಲಿಯೇ ಬೆಂದ ಮೇಲೆ, ಕಡೆಯಲ್ಲಿ, ಚಮಚೆಯ ಲೆಕ್ಕದಲ್ಲಿ ಹಾಕಬೇಕು. ಕೊಬ್ಬಿನ ಜಿಡ್ಡನ್ನು ಆ ಹುಳಿ ಕತ್ತರಿಸುತ್ತದೆ. ನಾಲ್ಕು ದಿನ ಕೆಡದಂತೆ ಕಾಯುತ್ತದೆ. ಎರಡನೆಯ ದಿನ ರುಚಿ ಹೆಚ್ಚುತ್ತದೆ. ಜೊತೆಗೆ ಉಂಡೆ ಉಂಡೆಯಾದ ಕಡಂಬುಟ್ಟು. ನಾಟಿ ಮುಗಿದು, ಆಯುಧಗಳಿಗೆ ಪೂಜೆ ಸಲ್ಲುವ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಇವೆರಡೂ ಇಲ್ಲದೆ ಕಳೆಯೇ ಇಲ್ಲ. ಹಿಂದೆ ಇದಕ್ಕೆ ಬೇಟೆಯ ಹಂದಿಯೇ ಆಗಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಸಾಕಿದ ಹಂದಿ ಆ ಸ್ಥಾನವನ್ನು ತುಂಬಿದೆ.

ಮಂಗಳೂರಿನ ಕ್ರೈಸ್ತ ಬಂಧುಗಳ ದುಕ್ರಾಮಾಸ್, ಅದರ ಬಫಾತ್ ಪುಡಿ, ಜೊತೆಗಿನ ಮೃದುವಾದ ಸಾನ್ನಾಂಗಳ ವಿಚಾರವಾಗಿ ನಾನು ಹೆಚ್ಚು ಹೇಳುವುದಿಲ್ಲ. ಆ ಮನೆಗಳವರು ಇಲ್ಲಿಯೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ತಪ್ಪು ಹೇಳಿದರೆ ಮುಂದಿನ ಕ್ರಿಸ್‌ಮಸ್ಸಿಗೆ ಕರೆ ಬರಲಾರದು.

ಹಂದಿಯನ್ನು ತಟ್ಟೆಯಾಚೆಗೂ ತಿಳಿಯುವ ಅವಕಾಶ ನನಗೆ ಶಿಲ್ಲಾಂಗಿಗೆ ವರ್ಗವಾದಾಗ ಒದಗಿತು. ಖಾಸಿ ಬೆಟ್ಟಗಳ ಹಳ್ಳಿಗಳಲ್ಲಿ ಮನೆಯ ಹಿಂದೊಂದು ಹಲಗೆಯ ಗೂಡು, ಅದರಲ್ಲಿ ಒಂದೋ ಎರಡೋ ಹಂದಿ, ಮನೆಯೊಡತಿಯ ಕೈಯಲ್ಲಿ ಬೇಯಿಸಿದ ಕೆಸುವಿನ ದಂಟಿನ ಬಕೆಟ್ಟು, ಇದು ನಿತ್ಯದ ನೋಟ. ಮಕ್ಕಳ ಶಾಲೆಯ ಶುಲ್ಕಕ್ಕೆ, ಕಾಯಿಲೆಗೆ ಒದಗುವ ಠೇವಣಿ ಅದು. ಬ್ಯಾಂಕಿನದಕ್ಕಿಂತ ಬೇಗ ಬೆಳೆಯುವಂಥದು. ಗರ್ಭ ಕಟ್ಟಿದ ಮೂರು ತಿಂಗಳು, ಮೂರು ವಾರ, ಮೂರು ದಿನಕ್ಕೆ ಹಂದಿ ಈಯುತ್ತದೆ. ಒಂದು ಸೂಲಿಗೆ ಎಂಟು ಹತ್ತು ಮರಿ. ಇಷ್ಟು ಸಮಯಪಾಲನೆ ನಮ್ಮ ಯಾವ ಕಚೇರಿಯಲ್ಲಿದೆ?

ಕೊಳಕಿನ ಅಪವಾದವನ್ನೂ ಅಲ್ಲಿಯೇ ಪರೀಕ್ಷಿಸಿ ನೋಡಿದೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲ. ಅದಕ್ಕಾಗಿ ಕೆಸರಿನಲ್ಲಿ ಹೊರಳುತ್ತದೆ. ಸಾಕಷ್ಟು ಜಾಗ ಕೊಟ್ಟರೆ ಮಲಗುವ ಮೂಲೆಯನ್ನು ಬಿಟ್ಟು ಇನ್ನೊಂದು ಮೂಲೆಯಲ್ಲಿ ಮಲ ವಿಸರ್ಜಿಸುತ್ತದೆ. ನಮ್ಮ ಪಟ್ಟಣಗಳ ಹಂದಿ ಚರಂಡಿಯಲ್ಲಿದೆ, ನಿಜ. ಆದರೆ ಚರಂಡಿಯನ್ನು ತೋಡಿದ್ದು ಹಂದಿಯಲ್ಲ. ಮೆದುಳಿಗೆ ಲಾಡಿಹುಳು ಸೇರುತ್ತದೆಂಬ ಭಯವೂ ಪೂರ್ತಿ ಸುಳ್ಳಲ್ಲ. ಆದರೆ ಮೆದುಳಿನ ಆ ರೋಗ ಬರುವುದು ಮನುಷ್ಯನ ಮಲದಲ್ಲಿರುವ ಹುಳುವಿನ ಮೊಟ್ಟೆಗಳು ನೀರು ತರಕಾರಿಗಳ ಮೂಲಕ ಹೊಟ್ಟೆಗೆ ಸೇರುವುದರಿಂದ. ಹಂದಿಮಾಂಸ ಮುಟ್ಟದವರಿಗೂ ಅದು ಬರಬಹುದು. ಗೂಡಿನಲ್ಲಿಟ್ಟು ಶುಚಿಯಾಗಿ ಸಾಕಿ, ಚೆನ್ನಾಗಿ ಬೇಯಿಸಿದರೆ ಹಂದಿಯ ಕಡೆಯಿಂದ ತಕರಾರಿಲ್ಲ.

ಲಘುವಾಗಿ ಮಾತನಾಡಬೇಕೆಂದು ಬಂದವನಾದರೂ ಒಂದು ಕಹಿ ಸಂಗತಿಯನ್ನು ಬಿಡುವಂತಿಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದ ಹಂದಿಗಳು ಸುಮಾರು ಒಂದು ಕೋಟಿ ಮೂರು ಲಕ್ಷ. 2019ರಲ್ಲಿ ಸುಮಾರು 90 ಲಕ್ಷ. ಅದಾದ ಮರುವರ್ಷ, 2020ರಲ್ಲಿ, ಆಫ್ರಿಕದ ಹಂದಿಜ್ವರ ಅಸ್ಸಾಮ್ ಮತ್ತು ಅರುಣಾಚಲದಲ್ಲಿ ಕಾಣಿಸಿಕೊಂಡಿತು. ಮನುಷ್ಯರಿಗೆ ತಗಲದ, ಆದರೆ ಹಂದಿಗಳನ್ನು ಗೂಡುಗೂಡಾಗಿ ಮಲಗಿಸುವ ಜ್ವರ. ನಾನು ಕಂಡ ಅಂಥ ಹಿತ್ತಿಲುಗಳ ಠೇವಣಿ ಒಂದೇ ವಾರದಲ್ಲಿ ಮಣ್ಣುಪಾಲಾಗುವ ಸಂಕಟ ಎಷ್ಟೆಂದು ಊಹಿಸಿ. ಹಸುವಿಗೆ ರೋಗ ಬಂದರೆ ಪತ್ರಿಕೆಗಳಲ್ಲಿ ಸಂಪಾದಕೀಯ ಬರುತ್ತದೆ. ಹಂದಿಗೆ ಬಂದಾಗ ನಮ್ಮಲ್ಲಿ ಎಷ್ಟು ಜನ ಆ ಸುದ್ದಿಯನ್ನು ಓದಿದೆವು?

ಈ ಅಸಡ್ಡೆ ಪ್ರಾಣಿಯ ಮಟ್ಟಕ್ಕೇ ನಿಲ್ಲುವುದಿಲ್ಲ, ಸಾಕುವವರ ಮೈಮೇಲೂ ಬೀಳುತ್ತದೆ. ನಮ್ಮ ನಾಡಿನಲ್ಲಿ ಹಂದಿಜೋಗಿ ಎಂಬ ಪರಿಶಿಷ್ಟ ಸಮುದಾಯವಿದೆ. ಹಂದಿ ಸಾಕುತ್ತ, ಗಿಡಮೂಲಿಕೆಯ ಮದ್ದು ಕೊಡುತ್ತ ಬಾಳಿದ ಜನ. ವರಾಹನಿಗೆ ಗುಹೆ ಕೊರೆಸಿದ ನಾಡು, ವರಾಹವನ್ನು ಸಾಕಿದವರಿಗೆ ಊರ ಹೊರಗಿನ ಗುಡಿಸಲು ತೋರಿಸಿತು. 'ಹಂದಿ' ಎಂಬ ಬೈಗುಳವನ್ನು ನಾವು ಬಳಸುವಾಗ ಅದು ಯಾರ ಕಿವಿಗೆ ಹೇಗೆ ಕೇಳುತ್ತದೆಂದು ಯೋಚಿಸುವುದಿಲ್ಲ.

ಹೊರನಾಡಿನ ನಾವು ಪ್ರತಿ ನವೆಂಬರಿನಲ್ಲಿ 'ಸಮಗ್ರ ಕರ್ನಾಟಕದ ಊಟ' ಎಂದು ಫಲಕ ಬರೆಸಿ, ಬಿಸಿಬೇಳೆ ಭಾತು, ಹೋಳಿಗೆ, ಹೆಚ್ಚೆಂದರೆ ಜೋಳದ ರೊಟ್ಟಿ ಬಡಿಸುತ್ತೇವೆ. ಎಲ್ಲವೂ ರುಚಿಯಾದವೇ, ಹೋಳಿಗೆಗೆ ನಾನು ಎರಡು ಸಲ ಸಾಲಿನಲ್ಲಿ ನಿಲ್ಲುತ್ತೇನೆ. ಆದರೆ ಇದೇ ಸಂಘಕ್ಕೆ ಚಂದಾ ಕೊಡುವ ಕೊಡಗಿನ, ಮಂಗಳೂರಿನ, ಮಲೆನಾಡಿನ ಮನೆಗಳ ಹಬ್ಬದ ಅಡುಗೆಗೆ ಆ ಫಲಕದ ಕೆಳಗೆ ಜಾಗವಿಲ್ಲ. ಯಾರೂ ಬೇಡವೆಂದು ಠರಾವು ಮಾಡಿಲ್ಲ. ಕೇಳುವುದಕ್ಕೇ ಅವರು ಸಂಕೋಚಪಡುತ್ತಾರೆ. ಆ ಸಂಕೋಚವನ್ನು ನಾವು ಒಪ್ಪಿಗೆ ಎಂದು ತಿಳಿದಿದ್ದೇವೆ.

ಬೇಡವಾದವರು ತಿನ್ನಬೇಕೆಂದು ನಾನೆಲ್ಲಿ ಹೇಳಿದೆ? ಸಸ್ಯಾಹಾರಿಗಳ ಮನಸ್ಸಿಗೆ ನೋವಾಗದಂತೆ ಪಾತ್ರೆ, ಒಲೆ, ಬಡಿಸುವವರು ಎಲ್ಲವನ್ನೂ ಬೇರೆಯಾಗಿಡುವುದು ನ್ಯಾಯ. ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಪ್ರತ್ಯೇಕ ಮೇಜು ಹಾಕಬಹುದು. ಐ.ಎನ್.ಎ. ಮಾರುಕಟ್ಟೆಯಲ್ಲಿ ಒಳ್ಳೆಯ ಮಾಂಸ ಸಿಗುತ್ತದೆ. ಕಾಚಂಪುಳಿಯ ಎರಡು ಬಾಟಲಿ ನನ್ನ ಮನೆಯಲ್ಲಿದೆ. ಕಡಂಬುಟ್ಟಿಗೆ ಅಕ್ಕಿತರಿ ಒಡೆಸುವ ಹೊಣೆಯನ್ನು ಮಡಿಕೇರಿಯ ಇಬ್ಬರು ತಾಯಂದಿರು ಒಪ್ಪಿದ್ದಾರೆ. ಕಾರ್ಯಕಾರಿ ಸಮಿತಿಗೆ ಲಿಖಿತ ಅರ್ಜಿಯನ್ನು ಸಲ್ಲಿಸಿದ್ದೇನೆ, ಮೂರು ಪ್ರತಿಗಳಲ್ಲಿ. ಫಲಕದ ಮೇಲೆ ಏನು ಬರೆಯಬೇಕೆಂಬುದನ್ನು ಮಾತ್ರ ಕಾರ್ಯದರ್ಶಿಗಳಿಗೇ ಬಿಟ್ಟಿದ್ದೇನೆ.