ಏರಿ ಅದೇ, ದರ್ಜೆ ಬೇರೆ



ನಮ್ಮ ಕೆರೆ ಏರಿ ವಿಷಯ ಆಮೇಲೆ, ಮೊದಲು ಅಮೆರಿಕದ್ದು ಕೇಳಿ. ಒಕ್ಲಹೋಮಾದ ಕಾರ್ಡೆಲ್ ಊರಿನ ಹತ್ತಿರ 1948ರಲ್ಲಿ ಒಂದು ಸಣ್ಣ ಮಣ್ಣಿನ ಕಟ್ಟೆ ಕಟ್ಟಿದರು, ಹಳ್ಳದ ಪ್ರವಾಹ ತಡೆದು ಮೆಲ್ಲಗೆ ಬಿಡೋಕೆ. 1954ರ ಕಾಯಿದೆ ಬಂದಮೇಲೆ ಅಂಥವು ದೇಶದ ತುಂಬ ಎದ್ದವು. ಈಗ ಸುಮಾರು 12,000 ಇವೆ, ಹೆಚ್ಚಿನವು ರೈತರ ಜಮೀನಿನಲ್ಲೇ.

ಇವಕ್ಕೆ ಅಪಾಯದ ಮೂರು ದರ್ಜೆ. ಒಡೆದರೆ ಬರೀ ಹೊಲ ಕೊಚ್ಚಿಹೋಗುತ್ತೆ ಅಂದ್ರೆ ಕೆಳದರ್ಜೆ. (ರೈತನ ಹೊಲ ಎಲ್ಲಾ ದೇಶದಲ್ಲೂ ಕೆಳದರ್ಜೆಯೇ!) ರಸ್ತೆಗೆ, ಒಂಟಿ ಮನೆಗೆ ಪೆಟ್ಟಾದರೆ ನಡುದರ್ಜೆ. ಜೀವಹಾನಿ ಆಗುವಂತಿದ್ದರೆ ಮೇಲ್ದರ್ಜೆ. ಏರಿ ಗಟ್ಟಿಯೋ, ಸೊರಗಿದೆಯೋ ಅನ್ನೋದಕ್ಕೂ ಈ ದರ್ಜೆಗೂ ಸಂಬಂಧವಿಲ್ಲ. ಅದಕ್ಕೆ ಬೇರೆ ತಪಾಸಣೆ.

ಗಂಟು ಇರೋದೇ ಇಲ್ಲಿ. ಹೊಲ ಕಾಯೋಕೆ ಕಟ್ಟಿದ ಕಟ್ಟೆ. ಕೆಳಗೆ ಯಾರೋ ಸೈಟು ಮಾಡಿ ಮಾರಿದರು, ಮನೆಗಳೆದ್ದವು. ಏರಿಯ ಒಂದು ಹಿಡಿ ಮಣ್ಣೂ ಅಲುಗಿಲ್ಲ, ದರ್ಜೆ ಮಾತ್ರ ಮೇಲೇರಿತು. ಈಗ ಕೋಡಿ ಅಗಲಿಸಬೇಕು, ಏರಿ ಎತ್ತರಿಸಬೇಕು. 2000ದ ತಿದ್ದುಪಡಿಯಂತೆ ಅಂಥ ದುರಸ್ತಿಗೆ ಕೇಂದ್ರ ಸರ್ಕಾರದ್ದು ಶೇ. 65, ಉಳಿದ 35 ಸ್ಥಳೀಯ ಸಂಸ್ಥೆಗಳ ತಲೆಮೇಲೆ. ಸೈಟು ಮಾರಿದವನ ಹೆಸರು ಈ ಲೆಕ್ಕದಲ್ಲೆಲ್ಲೂ ಇಲ್ಲ.

ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದವನ್ನು ಹಿಡಿಯುತ್ತದೆ. 10ರಿಂದ 15ರೊಳಗಿನವು ಕೆಲವು ಷರತ್ತಿಗೆ ಒಳಪಟ್ಟರೆ ಮಾತ್ರ. ಅದಕ್ಕೂ ತಗ್ಗಿನ ಕೆರೆ ಏರಿ ಆ ಕಾಯಿದೆಯ ಲೆಕ್ಕಕ್ಕೇ ಬರೋದಿಲ್ಲ. ಹಾಗಾಗಿ ನಿಮ್ಮೂರ ಏರಿ ಕೆಳಗೆ ಲೇಔಟಿನ ಮಾತು ಬಂದ ದಿನವೇ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ: ನಾಳೆ ಕೋಡಿ ದೊಡ್ಡದು ಮಾಡೋ ದುಡ್ಡು ಯಾರದು? ಉತ್ತರಾನ ನಡಾವಳಿ ಪುಸ್ತಕದಲ್ಲಿ ಬರೆಸಿ.