ಬಿಸಿಲನ್ನು ಮರಳಿ ಕಳಿಸುವ ಛಾವಣಿ
(ವಾರ್ಷಿಕ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಮಾನ್ಯ ದಾನಿಗಳೇ, ವಿದ್ಯಾರ್ಥಿವೇತನ ಪಡೆಯುವ ಮಕ್ಕಳ ತಂದೆ-ತಾಯಂದಿರೇ,

ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ನಮ್ಮ ಅನೇಕ ಮಕ್ಕಳು ಓದುವುದು ತಗಡಿನ ಅಥವಾ ತೆಳು ಸ್ಲ್ಯಾಬಿನ ಕೆಳಗೆ. ಪರೀಕ್ಷೆ ಬರುವುದೂ ಬಿಸಿಲು ಏರುವುದೂ ಒಟ್ಟಿಗೇ. ನಾವು ಫೀಸು ಕಟ್ಟುತ್ತೇವೆ, ಪುಸ್ತಕ ಕೊಡುತ್ತೇವೆ. ಮಧ್ಯಾಹ್ನ ಕುಳಿತುಕೊಳ್ಳಲಾಗದ ಕೋಣೆಯಲ್ಲಿ ಆ ಪುಸ್ತಕ ಮುಚ್ಚಿಯೇ ಇರುತ್ತದೆ. ಆದ್ದರಿಂದ ಈ ಸಲ ಛಾವಣಿಯ ಬಗ್ಗೆ ನಾಲ್ಕು ಮಾತು.

1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಗೋಡೆಗಳು ದಪ್ಪ. ಬಿಸಿಲಿನ ಕಾವು ಒಳಗೆ ತಲುಪಲು ಹೊತ್ತು ಹಿಡಿಯುತ್ತದೆ. ಇಂದಿನ ತಗಡಿಗೆ ಆ ದಪ್ಪವಿಲ್ಲ. ಹಾಗಾಗಿ ಕಾವನ್ನು ಮೇಲೆಯೇ ತಡೆಯಬೇಕು.

ಒಳ್ಳೆಯ ಬಿಳಿ ಲೇಪನ ಎರಡು ಕೆಲಸ ಮಾಡುತ್ತದೆ: ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಹೀರಿದ ಅಲ್ಪ ಕಾವನ್ನೂ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹೊಳೆಯುವ ತಗಡು ಮೊದಲನೆಯದನ್ನು ಮಾತ್ರ ಮಾಡುತ್ತದೆ, ಕಾವನ್ನು ಸುಲಭವಾಗಿ ಬಿಡುವುದಿಲ್ಲ; ಅದಕ್ಕೇ ಹೊಸ ತಗಡೂ ಸುಡುತ್ತದೆ. ಲೇಪನದಿಂದ ಕೋಣೆ ಸಾಮಾನ್ಯವಾಗಿ ಎರಡರಿಂದ ಐದು ಡಿಗ್ರಿ ತಂಪಾಗುತ್ತದೆ. ಕರೆಂಟು ಬೇಕಿಲ್ಲ. ಅಹಮದಾಬಾದಿನಲ್ಲಿ 2017ರಲ್ಲಿ ಬಡವರ ಮನೆಗಳ ಮೇಲೆ ಇದನ್ನು ಬಳಿಯತೊಡಗಿದರು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿತು.

ಆದರೆ ಬಾಳಿಕೆಯೇ ಮುಖ್ಯ. ಸುಣ್ಣ ಅಗ್ಗ, ತಂಪೂ ಹೌದು. ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಮತ್ತೆ ಬಳಿಯಬೇಕು. ಛಾವಣಿಗೆಂದೇ ಮಾಡಿದ ಅಕ್ರಿಲಿಕ್ ಲೇಪನಕ್ಕೆ ಖರ್ಚು ಹೆಚ್ಚು, ಬಾಳಿಕೆ ಹಲವು ವರ್ಷ. ಧೂಳು, ಪಾಚಿ, ತುಕ್ಕು ತೆಗೆಯದೆ ಬಳಿದರೆ ಅದೂ ಬೇಗ ಸಿಪ್ಪೆ ಏಳುತ್ತದೆ. ಬಿರುಕು ಮುಚ್ಚಿ, ತೊಳೆದು, ಒಣಗಿಸಿ, ಮೊದಲ ಕೋಟು ಒಣಗಿದ ಮೇಲೆ ಎರಡನೆಯದು ಹಾಕಬೇಕು. ಸಿಮೆಂಟ್ ಶೀಟನ್ನು ಮಾತ್ರ ಕೆರೆಯಬೇಡಿ, ಉಜ್ಜಬೇಡಿ. ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಅಪಾಯ. ಧೂಳು ಕೂತಷ್ಟೂ ಬಿಳುಪು ಕುಂದುತ್ತದೆ. ಬೇಸಿಗೆಗೆ ಮುಂಚೆ ವರ್ಷಕ್ಕೊಮ್ಮೆ ತೊಳೆಯಬೇಕು.

ದಾನಿಗಳಲ್ಲಿ ನಮ್ಮ ಕೋರಿಕೆ ಇಷ್ಟೆ: ಬಣ್ಣದ ಡಬ್ಬಿಗೆ ಮಾತ್ರವಲ್ಲ, ತೊಳೆಯುವ, ರಿಪೇರಿ ಮಾಡುವ ಕೂಲಿಗೂ ಕೊಡಿ. ಹತ್ತು ಛಾವಣಿ ಅರೆಬರೆ ಬಳಿಯುವುದಕ್ಕಿಂತ ಐದನ್ನು ಸರಿಯಾಗಿ ಬಳಿಯುವುದು ಲೇಸು.

ಪಾಲಕರೇ, ಈ ಸಲದ ವಿದ್ಯಾರ್ಥಿವೇತನ ಅರ್ಜಿಯಲ್ಲಿ ನಿಮ್ಮ ಛಾವಣಿ ತಗಡೋ, ಸ್ಲ್ಯಾಬೋ, ಸಿಮೆಂಟ್ ಶೀಟೋ ಬರೆಯಿರಿ. ಮಗು ಎಲ್ಲಿ ಕುಳಿತು ಓದುತ್ತದೆ ಎಂಬುದನ್ನೂ ಬರೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕೇಳಿಡಿ. ಛಾವಣಿ ಯಾವುದೇ ಇರಲಿ, ವಿದ್ಯಾರ್ಥಿವೇತನಕ್ಕೆ ಅದು ಅಡ್ಡಿಯಲ್ಲ.