ಅಮ್ಮನ ಹಾಡಿಗೆ ಹೊರಬಾಗಿಲು

ನಮ್ಮ ತಾಯಿ ಹಾಡುತ್ತಿದ್ದ ಹಸೆಯ ಹಾಡುಗಳು ನಾಲ್ಕಾರು ಕ್ಯಾಸೆಟ್ಟುಗಳಲ್ಲಿ ಉಳಿದಿದ್ದವು. ಅವು ಬೂಸಲು ಹಿಡಿಯುವ ಮುನ್ನ ಕಂಪ್ಯೂಟರಿಗೆ ಇಳಿಸಿದೆ. ಈಗ ಅವು ನಡುಮನೆಯ ಮೂಲೆಯ ಪೆಟ್ಟಿಗೆಯೊಂದರಲ್ಲಿವೆ. ಅದನ್ನು ನಡೆಸುವುದು ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ. 2018ರಲ್ಲಿ ಎಂಬಿ ಎಂಬ ಇನ್ನೊಂದರಿಂದ ಕವಲೊಡೆದದ್ದು. ಮನೆಯೊಳಗೆ ಯಾವ ಕೋಣೆಯಲ್ಲಿ ಕುಳಿತರೂ ಫೋನಿನಲ್ಲಿ ಹಾಡು ಕೇಳುತ್ತದೆ. ಹೊಸಿಲು ದಾಟಿದರೆ ಮೌನ.

ಪರ ಊರಿನಲ್ಲಿರುವ ನನ್ನ ತಂಗಿ, "ಅಣ್ಣಾ, ಅದು ನನಗೂ ಕೇಳೋ ಹಾಗೆ ಮಾಡೋದಕ್ಕೆ ಆಗೋದಿಲ್ಲವೇ?" ಎಂದಳು.

ಸುಲಭವೆಂದೇ ಎಣಿಸಿದೆ. ಹೊರಗಿನಿಂದ 8096ನೆಯ ಪೋರ್ಟಿಗೆ ಬಂದ ಕರೆಯನ್ನು ಈ ಪೆಟ್ಟಿಗೆಗೆ ದಾಟಿಸೆಂದು ರೌಟರಿಗೆ ಹೇಳಿದೆ. ಕರೆ ಬರಲೇ ಇಲ್ಲ. ವಿಚಾರಿಸಿದರೆ, ಅಂತರಜಾಲದಲ್ಲಿ ನಮ್ಮ ಮನೆಗೆ ಸ್ವಂತ ವಿಳಾಸವೇ ಇರಲಿಲ್ಲ! ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಆದ್ದರಿಂದ ಅನೇಕ ಸಂಪರ್ಕ ಸಂಸ್ಥೆಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಇರಿಸುತ್ತವೆ.

ವಠಾರದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀದಿಗೆ ಒಂದೇ ಬಾಗಿಲು, ಒಳಗೆ ಹತ್ತಾರು ಸಂಸಾರ. ಒಳಗಿನವರು ಬರೆದ ಕಾಗದಕ್ಕೆ ಉತ್ತರ ಬಂದರೆ ಬಾಗಿಲ ಬಳಿ ಕುಳಿತವನಿಗೆ ಗುರುತಿರುತ್ತದೆ. ತಾನಾಗಿ ಬಂದ ಕಾಗದದ ಮೇಲೆ ಬರಿಯ ವಠಾರದ ಹೆಸರಿದ್ದರೆ ಅವನು ಯಾರಿಗೆಂದು ಕೊಟ್ಟಾನು?

ಹೆಚ್ಚಿನ ಹಣ ಕೊಟ್ಟು ಸ್ವಂತ ವಿಳಾಸ ಪಡೆದು ಬಾಗಿಲು ತೆರೆಯಿರಿ ಎಂದು ಮಿತ್ರರೊಬ್ಬರು ಸಲಹೆಯಿತ್ತರು; ನಮ್ಮ ಮನೆಯನ್ನು ಹುಡುಕಿಕೊಂಡು ಯಾರು ಬರುತ್ತಾರೆ ಎಂದೂ ಅಂದರು. ಹುಡುಕಬೇಕಾಗಿಯೇ ಇಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ರಚಿಸಿದ ಜೀಮ್ಯಾಪ್ ಎಂಬ ಸಾಧನ, ಆ ಕೋಟಿ ಕೋಟಿ ವಿಳಾಸಗಳ ಕದವನ್ನೆಲ್ಲ ಮುಕ್ಕಾಲು ಗಂಟೆಯೊಳಗೆ ತಟ್ಟಿ ಬರಬಲ್ಲದು. ಊರಿಗೆಲ್ಲ ತೆರೆಯುವುದಾದರೆ ಗೂಢಲಿಪಿಯ ಸಂಪರ್ಕ ಬೇಕು, ಗಟ್ಟಿಯಾದ ಗುಪ್ತಪದ ಬೇಕು, ತಂತ್ರಾಂಶದ ಪ್ರತಿಯೊಂದು ತಿದ್ದುಪಡಿಯನ್ನೂ ತಪ್ಪದೆ ಹಾಕುತ್ತಿರಬೇಕು. ಒಬ್ಬಳು ತಂಗಿಗಾಗಿ ಇಷ್ಟು ಕಾವಲೇ?

ನಾನು ಆರಿಸಿದ್ದು ಒಳದಾರಿ. ವೈರ್‌ಗಾರ್ಡ್ ಎಂಬ ವಿಧಾನ 2020ರಲ್ಲಿ ಲಿನಕ್ಸಿನ ತಿರುಳಿನೊಳಕ್ಕೇ ಸೇರಿತು. ಅದರಲ್ಲಿ ಕೀಲಿಯಿಲ್ಲದವನು ತಟ್ಟಿದರೆ "ಯಾರು?" ಎಂಬ ಪ್ರಶ್ನೆಯೂ ಬಾರದು. ಆದರೆ ವಠಾರದ ತೊಡಕು ಅದಕ್ಕೂ ಇದೆ. ಎರಡು ತುದಿಗಳಲ್ಲಿ ಒಂದಾದರೂ ಹೊರಗಿನಿಂದ ಸಿಗುವಂತಿರಬೇಕು. ಅದನ್ನೇ ಆಧರಿಸಿದ ಟೇಲ್‌ಸ್ಕೇಲಿನಲ್ಲಿ ಎರಡು ತುದಿಗಳೂ ತಾವಾಗಿ ಹೊರಕ್ಕೆ ಹೊರಡುತ್ತವೆ, ಹೊರಗಿನ ಮಧ್ಯಸ್ಥನೊಬ್ಬ ಅವನ್ನು ಜತೆಗೂಡಿಸುತ್ತಾನೆ. ಆ ಮಧ್ಯಸ್ಥ ಒಂದು ಕಂಪನಿ. ಅಷ್ಟರಮಟ್ಟಿಗೆ ಪರರನ್ನು ನಂಬಿದೆನೆಂದು ಒಪ್ಪಿಕೊಳ್ಳಬೇಕು. ಕರೆಂಟು ಹೋದಾಗ ಹಾಡೂ ನಿಲ್ಲುತ್ತದೆ. ಅದಕ್ಕೆ ಯಾವ ಕಂಪನಿಯ ಕಡೆಯಿಂದಲೂ ಮದ್ದಿಲ್ಲ.

ಭಾನುವಾರ ರಾತ್ರಿ ತಂಗಿ ಫೋನು ಮಾಡಿದಳು. ಒಂದು ಹಾಡಿನ ನಡುವೆ ತಂದೆಯವರು ಕಾಫಿ ಕೇಳುವ ದನಿಯಿದೆ. ಕ್ಯಾಸೆಟ್ಟಿನಿಂದ ಇಳಿಸುವಾಗ ಅದನ್ನು ತೆಗೆದುಹಾಕಿರಬಹುದೆಂದು ಅವಳಿಗೆ ಅಳುಕಿತ್ತಂತೆ.

ತೆಗೆದಿರಲಿಲ್ಲ.